ದೊಡ್ಡೋಳ ಎಡೆ

ತುಂಗಮ್ಮನಿಗೆ ಏಡಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತಿನ್ನುವ ಮಾತು ಹಾಗಿರಲಿ, ಅದರ ವಾಸನೆ ಬಂದರೇ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಆದರೂ ಇಪ್ಪತ್ತೆರಡು ವರ್ಷ, ಒಂದೇ ಒಂದು ವರ್ಷವೂ ತಪ್ಪದ ಹಾಗೆ, ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹದಿನೈದಿಪ್ಪತ್ತು ಏಡಿಗಳ ಕಾಲು ಮುರಿದು, ಚಿಪ್ಪು ಕಿತ್ತು, ತೊಳೆದು, ಖಾರ ಅರೆದು ಸಾರು ಮಾಡಿದ್ದಳು. ಬೆರಳು ಕಚ್ಚಿಸಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ಇಷ್ಟೆಲ್ಲ ಮಾಡುತ್ತಿದ್ದದ್ದು ಬದುಕಿದ್ದವರಿಗಾಗಿದ್ದರೆ ಅದೊಂದು ಮಾತು. ಮಾಡುತ್ತಿದ್ದದ್ದು ಗಂಡನ ಮೊದಲ ಹೆಂಡತಿ ಜಲಜಾಕ್ಷಿಗೆ. ಆಕೆ ತುಂಗಮ್ಮ ಈ ಮನೆಗೆ ಕಾಲಿಡುವ ಮೊದಲೇ ಸತ್ತುಹೋಗಿದ್ದಳು.

ಜಾವಳಿಯ ಸುಬ್ಬಣ್ಣನಿಗೆ ಎಂಟು ಎಕರೆ ಕಾಫಿ, ಸ್ವಲ್ಪ ಗದ್ದೆ. ಸಾವಿರದ ಒಂಬೈನೂರ ಎಂಬತ್ತರ ಮಳೆಗಾಲದಲ್ಲಿ ಅವನ ಹೆಂಡತಿ ಜಲಜಾಕ್ಷಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ದಿವ್ಯಾಗೆ ಐದು ತಿಂಗಳು. ಮಗುವನ್ನು ನೋಡುವವರು ಯಾರು ಎಂದು ಅವನ ತಾಯಿ ರಾಮಮ್ಮ ವರ್ಷ ತುಂಬುವುದರೊಳಗೆ ತುಂಗಮ್ಮನನ್ನು ಮನೆ ತುಂಬಿಸಿಕೊಂಡಳು. ಹೊಸ ಸೊಸೆಯನ್ನು ದೇವರ ಮುಂದೆ ನಿಲ್ಲಿಸುವುದಕ್ಕೂ ಮೊದಲು ಗೋಡೆಯ ಮೇಲಿನ ಫೋಟೊದ ಮುಂದೆ ನಿಲ್ಲಿಸಿದಳು. ಮೂಡಿಗೆರೆಯ ಸ್ಟುಡಿಯೊದವನು ಮದುವೆಯ ಫೋಟೊದಿಂದ ಮುಖವನ್ನಷ್ಟೇ ತೆಗೆದು, ದೊಡ್ಡದು ಮಾಡಿ, ಮೇಲೆ ಬಣ್ಣ ಬಳಿದುಕೊಟ್ಟಿದ್ದ. ಕಾಸಗಲದ ಕುಂಕುಮ, ತುಂಬಿದ ಕೆನ್ನೆ, ಬಿಗಿದ ತುಟಿ. ಮೂವತ್ತೈದು ದಾಟಿದ, ಹತ್ತಾಳನ್ನು ಹದ್ದುಬಸ್ತಿನಲ್ಲಿಡಬಲ್ಲ ಗೃಹಿಣಿಯ ಮುಖ.

"ಇವಳು ದೊಡ್ಡೋಳು," ಅಂದಿದ್ದಳು ರಾಮಮ್ಮ. "ಈ ಮನೇಲಿ ಏನಿದ್ರೂ ಮೊದ್ಲು ಇವಳಿಗೆ, ಆಮೇಲೆ ನಿಂಗೆ. ಅಕ್ಕ ಅಂತ ಕರೀಬೇಕು."

ಅವತ್ತೇ ಜಲಜಾಕ್ಷಿಯ ತಾಳಿಯಿಂದ ತೆಗೆದಿಟ್ಟ ಒಂದು ಚಿನ್ನದ ಗುಂಡನ್ನು ತುಂಗಮ್ಮನ ಕರಿಮಣಿ ಸರಕ್ಕೆ ಪೋಣಿಸಿದರು. ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಕೊರಳಲ್ಲಿ ಹೊತ್ತುಕೊಂಡೇ ಸಂಸಾರ ಮಾಡಬೇಕು, ಇಲ್ಲದಿದ್ದರೆ ಅವಳು ಸುಮ್ಮನಿರುವುದಿಲ್ಲ. ಅದು ಅಲ್ಲಿಯ ಕ್ರಮ. ತುಂಗಮ್ಮ ತಲೆಯಾಡಿಸಿದಳು. ಇಪ್ಪತ್ತೊಂದು ವರ್ಷದ ಹುಡುಗಿ, ಸೊಂಟದ ಮೇಲೆ ಆಗಲೇ ಯಾರದೋ ಮಗು ಅಳುತ್ತಿತ್ತು. ತಲೆಯಾಡಿಸದೆ ಇನ್ನೇನು ಮಾಡುತ್ತಾಳೆ?

ಏಡಿಯ ವಿಷಯ ಗೊತ್ತಾದದ್ದು ಮೊದಲ ಮಹಾಲಯಕ್ಕೆ. ಹಿರಿಯರಿಗೆ ಎಡೆ ಇಡುವಾಗ ಸತ್ತವರ ಹೆಸರಿನಲ್ಲಿ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಏನು ಇಷ್ಟವಿತ್ತೋ ಅದನ್ನೇ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಅವರು ಉಂಡು ಹೋದ ಮೇಲೆ ಬಾಗಿಲು ತೆಗೆದು ಮನೆಯವರು ಉಣ್ಣುವುದು. ಮಾವನಿಗೆ ಕಡುಬು, ಕೋಳಿ ಸಾರು. ಜಲಜಾಕ್ಷಿಗೆ? "ದೊಡ್ಡೋಳಿಗೆ ಏಡಿ ಅಂದ್ರೆ ಪ್ರಾಣ," ಅಂದಳು ರಾಮಮ್ಮ. ಸುಬ್ಬಣ್ಣನಿಗೆ ಏಡಿಯ ವಾಸನೆ ಆಗುತ್ತಿರಲಿಲ್ಲ, ಮನೆಯೊಳಗೆ ತರಲೇಬಾರದು ಎಂದು ಕಟ್ಟುನಿಟ್ಟು ಮಾಡಿದ್ದ. ಆದರೆ ಸತ್ತ ಹೆಂಡತಿಗೆ ಬೇಡ ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಆ ದಿನ ಏನಾದರೂ ನೆಪ ಹೇಳಿ ಮೂಡಿಗೆರೆಗೆ ಹೋಗಿಬಿಡುತ್ತಿದ್ದ. ಬಾಗಿಲು ತೆಗೆದ ಮೇಲೆ ಆ ಎಲೆಯ ಏಡಿ ಸಾರನ್ನು ಮನೆಗೆ ಹಿರಿಯಳಾದವಳೇ ತಿನ್ನಬೇಕು, ಬೇರೆ ಯಾರೂ ಮುಟ್ಟಬಾರದು ಎಂದು ರಾಮಮ್ಮ ಮೂಲೆಯಲ್ಲಿ ಕೂತು ಒಂದೊಂದೇ ಕಾಲನ್ನು ಕಡಿದು ಚೀಪಿ ಮುಗಿಸುತ್ತಿದ್ದಳು. ತೊಂಬತ್ತಾರರಲ್ಲಿ ರಾಮಮ್ಮ ತೀರಿಕೊಂಡ ಮೇಲೆ ಆ ಹಕ್ಕು ಅವಳ ಮಗಳು, ಸುಬ್ಬಣ್ಣನ ಅಕ್ಕ ಕಲ್ಲಮ್ಮನಿಗೆ ಬಂತು. ಪಕ್ಕದ ಊರಿಗೆ ಕೊಟ್ಟಿದ್ದ ಅವಳು ಡಬ್ಬಿ ಹಿಡಿದುಕೊಂಡೇ ಬರುತ್ತಿದ್ದಳು.

ಕಲ್ಲಮ್ಮನಿಗೆ ಇನ್ನೂ ಒಂದು ಕೆಲಸವಿತ್ತು. ಜಲಜಾಕ್ಷಿ ಮೈಮೇಲೆ ಬರುತ್ತಿದ್ದದ್ದು ಅವಳಿಗೇ. ತೊಂಬತ್ತೆರಡರಲ್ಲಿ ದಿವ್ಯಾಗೆ ಟೈಫಾಯ್ಡ್ ಆದಾಗ ತುಂಗಮ್ಮ ಹನ್ನೆರಡರ ಹುಡುಗಿಯನ್ನು ಹೆಗಲಿಗೆ ಒರಗಿಸಿಕೊಂಡು ಬಸ್ಸಿನಲ್ಲಿ ನಿಂತೇ ಆಸ್ಪತ್ರೆಗೆ ಹೋಗಿ, ಹನ್ನೊಂದು ದಿನ ಅಲ್ಲೇ ನೆಲದ ಮೇಲೆ ಮಲಗಿ ಎದ್ದು ಬಂದಿದ್ದಳು. ಬಂದರೆ ಮನೆಯಲ್ಲಿ ಕಲ್ಲಮ್ಮ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಾಳೆ. "ನನ್ನ ಮಗೂನ ಸರಿಯಾಗಿ ನೋಡ್ಕೊಳ್ಳಲ್ಲ ಇವಳು. ನಂಗೆ ಏಡಿ ಸಾರಿಲ್ದೆ ಬಾಯಿ ಒಣಗಿ ಹೋಗಿದೆ." ಇನ್ನೊಂದು ವರ್ಷ ತವರಿನವರು ಕೊಟ್ಟ ಹೊಸ ಸೀರೆಯನ್ನು ಫೋಟೊಗೆ ತೋರಿಸದೆ ಉಟ್ಟುಬಿಟ್ಟಳು ತುಂಗಮ್ಮ. ಆ ವರ್ಷವೇ ಕಾಫಿಗೆ ಕಾಯಿಕೊರಕ ಹುಳ ಬಿತ್ತು. ಹುಳ ಇಡೀ ತಾಲ್ಲೂಕಿಗೇ ಬಿದ್ದಿತ್ತು, ದೊಡ್ಡ ದೊಡ್ಡ ಎಸ್ಟೇಟಿನವರೂ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರ ತೋಟಕ್ಕೆಲ್ಲ ಹುಳ ಅದರಷ್ಟಕ್ಕೆ ಅದು ಬಂದದ್ದು, ಸುಬ್ಬಣ್ಣನ ತೋಟಕ್ಕೆ ಮಾತ್ರ ಬಂದದ್ದು ತುಂಗಮ್ಮ ಸೀರೆ ಉಟ್ಟದ್ದರಿಂದ.

ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಅದಕ್ಕೂ ದೊಡ್ಡೋಳೇ ಕಾರಣ ಎಂದರು. ಆ ಮಾತು ಬಂದಾಗ ಮಾತ್ರ ತುಂಗಮ್ಮ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಬೈದಳು.

ಎರಡು ಸಾವಿರದ ಎರಡರ ಮಹಾಲಯಕ್ಕೆ ದಿವ್ಯಾ ಊರಿಗೆ ಬಂದಿದ್ದಳು. ಕನ್ನಡ ಎಂ.ಎ. ಓದುತ್ತಿದ್ದಳು. ಮೇಷ್ಟರು ಕ್ಲಾಸಿನ ಒಬ್ಬೊಬ್ಬರಿಗೆ ಒಂದೊಂದು ಪದ ಹಂಚಿ, ಅದು ಎಲ್ಲಿಂದ ಬಂತು, ಅದಕ್ಕೆ ಏನೇನು ಅರ್ಥ ಎಂದು ಬರೆದುಕೊಂಡು ಬನ್ನಿ ಅಂದಿದ್ದರಂತೆ. ಇವಳ ಪಾಲಿಗೆ ಬಂದದ್ದು ದೆವ್ವ. ತುಂಗಮ್ಮ ಹಿತ್ತಲಲ್ಲಿ ಏಡಿಗಳ ಜೊತೆ ಗುದ್ದಾಡುತ್ತಿದ್ದರೆ ಇವಳು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಳು.

"ಅಮ್ಮ, ನಮ್ಮ ಕಡೆ ದೆವ್ವಕ್ಕೆ ಏನೇನು ಹೆಸರಿದೆ ಹೇಳು."

"ಬೆಳಗಾಗೆದ್ದು ಕೇಳೋ ಮಾತೇನೆ ಇದು? ಆ ಏಡಿ ಓಡ್ತಾ ಇದೆ, ಹಿಡಿ ಮೊದ್ಲು."

ದಿವ್ಯಾ ಹಿಡಿಯಲಿಲ್ಲ. ತುಂಗಮ್ಮನೇ ಹಿಡಿದು ಬುಟ್ಟಿಗೆ ಎಸೆದು, ಸಿಡುಕುತ್ತಲೇ ಹೇಳಿದಳು. ಭೂತ ಅಂದರೆ ತೋಟದ ಗಡಿಯಲ್ಲಿ ಹಲಸಿನ ಮರದ ಬುಡಕ್ಕಿರುವ ಕಲ್ಲು. ಕೊಯ್ಲಿಗೆ ಮೊದಲು ಒಂದು ಹುಂಜ ಕೊಟ್ಟರೆ ವರ್ಷವಿಡೀ ಕಾಯುತ್ತದೆ, ಅದನ್ನು ದೆವ್ವ ಅಂದವರ ನಾಲಿಗೆಗೆ ಬರೆ ಹಾಕಬೇಕು. ಚೌಡಿ ಹಳ್ಳದ ಕಡೆಯವಳು, ಅವಳ ದಾರಿಯೇ ಬೇರೆ. ಕೊಳ್ಳಿದೆವ್ವ ಗದ್ದೆಬಯಲಲ್ಲಿ ಬೆಂಕಿ ಹಿಡಿದುಕೊಂಡು ಓಡಾಡುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಗಾಳಿ ಚಿಕ್ಕ ಮಕ್ಕಳಿಗೆ ಸೋಕುವುದು. ಮೋಹಿನಿ ಗಂಡಸರಿಗೆ ಮಾತ್ರ ಕಾಣುವುದು, ಅದೂ ಸಾರಾಯಿ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ.

"ಪೀಡೆ?"

"ಅದನ್ನ ನಿನ್ನಪ್ಪನ್ನ ಕೇಳು. ದಿನಕ್ಕೆ ನಾಕು ಸಲ ನನ್ನ ಹಂಗೇ ಕರೀತಾರೆ."

ದಿವ್ಯಾ ನಗುತ್ತಾ ಬರೆದುಕೊಂಡಳು. ಆಮೇಲೆ ತಾನು ನಿಘಂಟುಗಳಲ್ಲಿ ಹುಡುಕಿದ್ದನ್ನು ಓದಿ ಹೇಳಿದಳು. ದೆವ್ವ, ದೇವರು ಎರಡೂ ಒಂದೇ ಬೇರಿನಿಂದ ಬಂದದ್ದಂತೆ. ಪ್ರೇತ ಅಂದರೆ ಬರೀ ಮುಂದಕ್ಕೆ ಹೊರಟುಹೋದವರು ಎಂದರ್ಥ, ಹೆದರುವಂಥದ್ದು ಅದರಲ್ಲೇನೂ ಇಲ್ಲ. ಭೂತ ಅಂದರೆ ಆಗಿಹೋದದ್ದು, ಹಾಗೆಯೇ ಜೀವ ಇರುವಂಥದ್ದು ಅಂತಲೂ ಇದೆ. ಇಂಗ್ಲಿಷಿನವರ ಘೋಸ್ಟ್‌ಗೆ ಬಹಳ ಹಿಂದೆ ಉಸಿರು ಎನ್ನುವ ಅರ್ಥವೂ ಇತ್ತಂತೆ, ನಮ್ಮವರು ಗಾಳಿ ಅನ್ನುವುದಿಲ್ಲವೇ, ಹಾಗೆ.

"ಇಷ್ಟೆಲ್ಲ ಬರ್ದಿದೀಯಲ್ಲ, ಇದ್ರಲ್ಲಿ ದೊಡ್ಡೋಳು ಯಾವುದು?"

ಬಾಯಿ ತಪ್ಪಿ ಬಂದ ಮಾತು. ಕೇಳಿದ ಮೇಲೆ ತುಂಗಮ್ಮನಿಗೇ ಇರಿಸುಮುರುಸಾಯಿತು. ಎಷ್ಟೆಂದರೂ ಆ ಹುಡುಗಿಯನ್ನು ಹೆತ್ತವಳು. ದಿವ್ಯಾ ಚಿಕ್ಕವಳಿದ್ದಾಗ ಆಕೆಯನ್ನು ಫೋಟೊ ಅಮ್ಮ ಅನ್ನುತ್ತಿದ್ದಳು, ದೊಡ್ಡವಳಾದ ಮೇಲೆ ಏನೂ ಅನ್ನುವುದನ್ನೇ ಬಿಟ್ಟಿದ್ದಳು.

"ಅವರನ್ನ ಬರ್ಕೊಂಡಿಲ್ಲಮ್ಮ," ಅಂದಳು. "ಏನಂತ ಬರೀಬೇಕು ಗೊತ್ತಾಗ್ಲಿಲ್ಲ."

ತುಂಗಮ್ಮನಿಗೂ ಗೊತ್ತಿರಲಿಲ್ಲ. ತಿಥಿಯೆಲ್ಲ ಆಗಿತ್ತು, ಆದ್ದರಿಂದ ಪ್ರೇತವಲ್ಲ. ದೆವ್ವ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಹಿರಿಯರು ಅಂದರೆ ಕಣ್ಣು ಕಾಣದೆ, ಕಿವಿ ಕೇಳದೆ ಸತ್ತವರು. ಉಳಿದದ್ದು ಅಕ್ಕ. ಯಾರನ್ನು ಕಂಡರೆ ಮೈ ಉರಿಯುತ್ತದೋ ಅವಳನ್ನೇ ದಿನಾ ಬೆಳಿಗ್ಗೆ ಅಕ್ಕ ಎಂದು ಕರೆದು ಹೂವಿಡಬೇಕು. ಇದಕ್ಕಿಂತ ಕರ್ಮ ಬೇಕೇ?

ಮುಂದಿನ ಬೇಸಿಗೆಗೆ ದಿವ್ಯಾಳ ಮದುವೆ ಗೊತ್ತಾಯಿತು. ಹುಡುಗ ಅಶ್ವಿನ್, ಕಳಸದಲ್ಲಿ ಹೈಸ್ಕೂಲು ಮೇಷ್ಟರು, ಒಳ್ಳೆಯವನು. ತುಂಗಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಸುಣ್ಣ ಹೊಡೆಸಿದಳು, ಕಾಫಿ ಒಣಗಿಸುವ ಕಣವನ್ನು ಚಪ್ಪರಕ್ಕೆ ಸಾರಿಸಿದಳು, ಹಪ್ಪಳ ಒತ್ತಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಧಾರೆಯ ಹೊತ್ತಿಗೆ ಗಂಡನ ಪಕ್ಕದಲ್ಲಿ ಮಣೆಯ ಮೇಲೆ ಕೂತು, ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಧಾರೆ ಎರೆಯಬೇಕು. ಹೆರಲಿಲ್ಲ ಅನ್ನುವುದೊಂದು ಬಿಟ್ಟರೆ ತಾಯಿಯಾದವಳು ಮಾಡುವುದನ್ನೆಲ್ಲ ಮಾಡಿದ್ದಳು. ಮಗು ಬಾಯಿ ಬಿಟ್ಟು ಮೊದಲು ಅಮ್ಮ ಅಂದದ್ದು ಅವಳಿಗೆ. ಬಾಯಿ ಬಿಟ್ಟು ಕೇಳಬೇಕಾದ ವಿಷಯ ಇದು ಅಂತಲೇ ಅವಳಿಗೆ ತೋರಿರಲಿಲ್ಲ.

ಲಗ್ನಪತ್ರಿಕೆ ಅಚ್ಚಾಗಿ ಬಂದ ಮಧ್ಯಾಹ್ನ ಕಲ್ಲಮ್ಮ ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದವಳು ಇದ್ದಕ್ಕಿದ್ದ ಹಾಗೆ ನಡುಗತೊಡಗಿದಳು. ತಲೆಗೂದಲು ಬಿಚ್ಚಿತು. ಬಾಯಿಂದ ಎಲೆಯಡಿಕೆ ಇಳಿಯಿತು.

"ನನ್ನ ಮಗಳ ಧಾರೆಗೆ ನಾನೇ ಕೂರ್ಬೇಕು. ಇವಳು ಕೂತ್ರೆ ನಾನು ಸುಮ್ನಿರಲ್ಲ. ಹುಡುಗಿ ಬಾಳು ಹಸನಾಗಲ್ಲ."

ಸುಬ್ಬಣ್ಣ ಬಿಳಿಚಿಕೊಂಡು ಊದಿನಕಡ್ಡಿ ಹಚ್ಚಿದ. ಅವನ ದೊಡ್ಡಪ್ಪ ಬೊಮ್ಮಯ್ಯ, ಮನೆತನಕ್ಕೆ ಈಗ ಹಿರಿಯ, ಜಗಲಿಯಲ್ಲಿ ಕೂತಲ್ಲಿಂದಲೇ ತೀರ್ಪು ಕೊಟ್ಟ. ಸುಬ್ಬಣ್ಣನ ಪಕ್ಕದ ಮಣೆಯ ಮೇಲೆ ಒಂದು ಕಲಶ ಇಟ್ಟು, ಅದಕ್ಕೆ ದೊಡ್ಡೋಳ ಧಾರೆ ಸೀರೆ ಉಡಿಸುವುದು. ಕಲಶವೇ ತಾಯಿ. ತುಂಗಮ್ಮ ಒಳಗೆ ಅಡುಗೆಯ ಉಸ್ತುವಾರಿ ನೋಡಿಕೊಂಡರಾಯಿತು.

"ನಾನು ಅಡಿಗೆಯೋಳೇನ್ರೀ?" ಅಂದಳು ತುಂಗಮ್ಮ ಗಂಡನಿಗೆ, ಕಲ್ಲಮ್ಮ ಮುಖ ತೊಳೆದು ಕಾಫಿ ಕುಡಿದು ಹೋದ ಮೇಲೆ.

"ನೀ ಸುಮ್ನಿರೆ ಮಾರಾಯ್ತಿ. ಮಗಳ ಬಾಳಿನ ವಿಷ್ಯ. ಆಕೆ ಹೇಳಿದ್ದು ಹೇಳ್ದಂಗೆ ಆಗಿಬಿಡ್ಲಿ."

"ಆಕೆ ಎಲ್ಲಿ ಹೇಳಿದ್ರು? ಹೇಳಿದ್ದು ನಿಮ್ಮಕ್ಕ."

"ಏನಂದೆ? ಮೆಲ್ಲಗೆ ಮಾತಾಡು, ಕೇಳಿಸುತ್ತೆ."

ಯಾರಿಗೆ ಕೇಳಿಸುತ್ತದೆ? ಗೋಡೆಯ ಮೇಲಿನ ದೊಡ್ಡೋಳಿಗೆ! ತುಂಗಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳ ಬಾಳು ಎಂದು ಬಾಯಿಗೆ ಬೀಗ ಹಾಕಿಬಿಟ್ಟಿದ್ದರು. ಅವಳೂ ಹೆದರಿದಳು, ಅದೂ ನಿಜ. ಅಕಸ್ಮಾತ್ ಏನಾದರೂ ಆದರೆ? ನಾಳೆ ಆ ಹುಡುಗಿಗೆ ಸಣ್ಣದೊಂದು ಜ್ವರ ಬಂದರೂ ನೀನು ಕೂತದ್ದರಿಂದಲೇ ಅನ್ನುತ್ತಾರೆ. ತಾನೇ ಅಂದುಕೊಳ್ಳುತ್ತೇನೆ. ದಿವ್ಯಾ ಫೋನಿನಲ್ಲಿ ಕೂಗಾಡಿದಳು, ನೀನು ಕೂರದಿದ್ದರೆ ನಾನೂ ಕೂರುವುದಿಲ್ಲ ಅಂದಳು. ತುಂಗಮ್ಮನೇ ಅವಳನ್ನು ಸಮಾಧಾನ ಮಾಡಿ ಫೋನಿಟ್ಟು, ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮದುವೆಗೆ ಮೂರು ದಿನ ಇರುವಾಗ ದೇವರಮನೆ ಗುಡ್ಡದ ಕಡೆಯ ಊರಿಂದ ಪಾಪಮ್ಮ ಬಂದಳು. ಜಲಜಾಕ್ಷಿಯ ತಾಯಿ. ಮಗಳು ಸತ್ತು ವರ್ಷ ತುಂಬುವ ಮೊದಲೇ ಅಳಿಯ ಬಾಸಿಂಗ ಕಟ್ಟಿದನೆಂದು ಸಿಟ್ಟಾಗಿ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಮೊಮ್ಮಗಳನ್ನು ನೋಡಬೇಕೆಂದರೆ ತುಂಗಮ್ಮನೇ ವರ್ಷಕ್ಕೊಮ್ಮೆ ಕರೆದುಕೊಂಡು ಹೋಗಿ, ಅಂಗಳದಲ್ಲೇ ನಿಂತು, ಸಂಜೆಗೆ ವಾಪಸು ಕರೆತರುತ್ತಿದ್ದಳು. ಈಗ ಮೊಮ್ಮಗಳ ಮದುವೆ ಎಂದು ಮುದುಕಿ ಕೋಲೂರಿಕೊಂಡು ಬಂದಿತ್ತು.

ಮರುದಿನ ಮದುವೆಗೆ ಮುಂಚಿನ ಹಿರಿಯರ ಎಡೆ. ಅಂದರೆ ಮತ್ತೆ ಏಡಿ. ಮಳೆಗಾಲದಲ್ಲಾದರೆ ಗದ್ದೆ ಬದುವಿನಲ್ಲಿ ಬೇಕಾದಷ್ಟು ಸಿಗುತ್ತವೆ, ಏಪ್ರಿಲ್ ತಿಂಗಳಲ್ಲಿ ಏಡಿಗೆ ಎಲ್ಲಿಗೆ ಹೋಗುವುದು? ತುಂಗಮ್ಮ ಬೆಳಿಗ್ಗೆ ಹಳ್ಳಕ್ಕಿಳಿದು ಒಂದೊಂದೇ ಕಲ್ಲು ಮಗುಚಿದಳು. ಮಂಡಿಯವರೆಗೆ ಕೆಸರು. ಮದುವೆ ಮನೆಯಲ್ಲಿ ನೂರೆಂಟು ಕೆಲಸ ಬಿದ್ದಿದೆ, ಯಜಮಾನಿತಿ ಹಳ್ಳದಲ್ಲಿ! ಕೊನೆಗೆ ಸಿಕ್ಕಿದ್ದು ಏಳು, ಅದರಲ್ಲಿ ಎರಡು ಇನ್ನೂ ಮರಿ. ಅವನ್ನು ತಂದು ಹಿತ್ತಲಲ್ಲಿ ಕೂತು ಕಾಲು ಮುರಿಯುತ್ತಿರುವಾಗ ಪಾಪಮ್ಮ ಕೋಲೂರಿಕೊಂಡು ಬಂದು ಇಣುಕಿದಳು.

"ಇದ್ಯಾರಿಗೆ ಮಗ?"

"ಇನ್ಯಾರಿಗೆ, ನಿಮ್ಮ ಮಗಳಿಗೇ. ಅವ್ರಿಗೆ ಏಡಿ ಅಂದ್ರೆ ಪ್ರಾಣ ಅಲ್ವಾ? ಇಪ್ಪತ್ತೆರಡು ವರ್ಷದಿಂದ ಮಾಡಿ ಹಾಕ್ತಾ ಇದೀನಿ." ದನಿಯಲ್ಲಿ ಇದ್ದ ಕಹಿಯನ್ನು ಮುಚ್ಚಿಡುವ ವ್ಯವಧಾನ ಅವಳಿಗೆ ಉಳಿದಿರಲಿಲ್ಲ.

ಪಾಪಮ್ಮ ಬಾಯಿ ಬಿಟ್ಟು ನೋಡಿದಳು.

"ನನ್ನ ಜಲಜನಿಗಾ? ಏಡಿನಾ? ಎಂಥ ಮಾತು! ಅವಳು ಒಂದು ಸಲ ತಿಂದು ತುಟಿ, ಕಣ್ಣು ಎಲ್ಲ ಊದಿ ಸಾಯೋ ಹಂಗಾಗಿತ್ತು. ಎಂಟು ವರ್ಷದೋಳಿದ್ಲು ಆಗ. ಅವತ್ತಿಂದ ಏಡಿ ಕಂಡ್ರೆ ಓಡ್ತಿದ್ಲು. ಯಾರು ಹೇಳಿದ್ದು ನಿಂಗೆ ಇದನ್ನ?"

ತುಂಗಮ್ಮನ ಕೈಯಲ್ಲಿದ್ದ ಏಡಿ ಜಾರಿತು. ಯಾರು ಹೇಳಿದ್ದು! ಮೂಲೆಯಲ್ಲಿ ಕೂತು ಒಂದೊಂದೇ ಕಾಲು ಚೀಪುತ್ತಿದ್ದ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಮಗ ಮನೆಯೊಳಗೆ ತರಲು ಬಿಡದ ಏಡಿಯನ್ನು ಸತ್ತ ಸೊಸೆಯ ಹೆಸರಿನಲ್ಲಿ ತರಿಸಿಕೊಂಡು ಹದಿನೈದು ವರ್ಷ ತಿಂದಿದ್ದಳು ಮುದುಕಿ! ಈಗ ಬೈಯೋಣವೆಂದರೆ ಅವಳೂ ಸತ್ತು, ಅವಳಿಗೂ ಒಂದು ಎಲೆ ಹಾಕಬೇಕಾಗಿತ್ತು.

ತುಂಗಮ್ಮ ಕೆಸರುಗಾಲಲ್ಲೇ ನಡುಮನೆಗೆ ನುಗ್ಗಿದಳು. ಸುಬ್ಬಣ್ಣ, ಬೊಮ್ಮಯ್ಯ, ಡಬ್ಬಿ ಹಿಡಿದು ಬಂದಿದ್ದ ಕಲ್ಲಮ್ಮ, ಎಲ್ಲರೂ ಅಲ್ಲಿದ್ದರು. ಪಾಪಮ್ಮನನ್ನು ಕೈಹಿಡಿದು ತಂದು ನಡುವೆ ನಿಲ್ಲಿಸಿ, ಹೇಳಿದ್ದನ್ನು ಇನ್ನೊಂದು ಸಲ ಹೇಳಿಸಿದಳು. ಕಲ್ಲಮ್ಮ ಅಲ್ಲೇ ಕುಸಿದು ಕೂತಳು. ಅವಳು ನಾಟಕ ಆಡುತ್ತಿದ್ದವಳಲ್ಲ, ನಿಜವಾಗಿ ನಂಬಿದ್ದಳು.

"ಹಂಗಾದ್ರೆ ನನ್ನ ಮೈಮೇಲೆ ಬಂದು ಏಡಿ ಕೇಳ್ತಿದ್ದೋಳು ಯಾರು?"

"ಈ ಮನೇಲಿ ಏಡಿ ಬೇಕಾಗಿದ್ದಿದ್ದು ಒಬ್ರಿಗೇ ಅತ್ತಿಗೆ. ನಿಮ್ಮವ್ವ."

"ಆಗ ಅವ್ವ ಬದುಕಿದ್ಲಲ್ಲೇ! ಇದೇ ಜಗಲೀಲಿ ಕೂತಿರ್ತಿದ್ಲು!"

"ಅದನ್ನೇ ನಾನು ಕೇಳ್ತಾ ಇರೋದು," ಅಂದಳು ತುಂಗಮ್ಮ. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಆಕೆ ಜೊತೆ ಎರಡು ವರ್ಷ ಸಂಸಾರ ಮಾಡಿದ್ರಲ್ಲ. ಏನು ತಿಂತಾರೆ, ಏನು ತಿನ್ನಲ್ಲ, ಅಷ್ಟೂ ಗೊತ್ತಿರ್ಲಿಲ್ವಾ?"

"ನಮಗೆ ಮೊದ್ಲು ಬಡಿಸ್ತಿದ್ರು. ಹೆಂಗಸರು ಆಮೇಲೆ ಒಳಗೆ ಕೂತು ಏನು ಉಣ್ತಿದ್ರು ಅಂತ ನಂಗೇನು ಗೊತ್ತು?"

"ನಂಗೇನು ಇಷ್ಟ, ಅದಾದ್ರೂ ಗೊತ್ತಾ? ನಾಳೆ ನಾನು ಸತ್ರೆ ನನ್ನ ಎಲೆಗೆ ಏನು ಹಾಕ್ತೀರಿ?"

ಸುಬ್ಬಣ್ಣ ಯೋಚಿಸಿದ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತುಂಗಮ್ಮನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅಡುಗೆಮನೆಯಲ್ಲಿ ಎರಡನೆಯ ಪಂಕ್ತಿಯಲ್ಲಿ ಉಂಡು ಎದ್ದುಹೋದ ಆ ಇನ್ನೊಬ್ಬಳೂ ತನ್ನ ಹಾಗೆಯೇ.

ಹೀಗೆಲ್ಲ ಆದ ಮೇಲೆ ಕಲಶದ ಮಾತು ತಾನಾಗಿ ಬಿದ್ದುಹೋಗುತ್ತದೆ ಎಂದುಕೊಂಡಿದ್ದಳು. ಎಲ್ಲಿ ಬಂತು? ಬೊಮ್ಮಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಏಡಿ ವಿಷ್ಯ ಏನಾದ್ರೂ ಆಗ್ಲಿ, ಕಲಶ ಇಡೋದು ಇಡಾಣ. ಇಟ್ರೆ ನಷ್ಟ ಏನಿದೆ," ಅಂದ. ಹೌದು ಹೌದು, ಯಾಕೆ ಸುಮ್ಮನೆ, ಎಂದ ಸುಬ್ಬಣ್ಣ. ಇವರಿಗೆ ಹೇಳುವುದಕ್ಕಿಂತ ಗೋಡೆಗೆ ಹೇಳಬಹುದು ಎಂದುಕೊಂಡು ತುಂಗಮ್ಮ ಏಡಿಗಳನ್ನು ಬುಟ್ಟಿ ಸಮೇತ ತಂದು ಕಲ್ಲಮ್ಮನ ಮಡಿಲಿಗೆ ಹಾಕಿ, ಅಡುಗೆಮನೆಗೆ ಹೋದಳು. ಪಾಪಮ್ಮನೂ ಹಿಂದೆಯೇ ಬಂದಳು.

"ಈಗ ಎಲೆಗೆ ಏನು ಹಾಕ್ಲಿ? ನೀವೇ ಹೇಳಿ. ಅವ್ರಿಗೆ ಏನಿಷ್ಟ ಇತ್ತು?"

ಮುದುಕಿ ಗೋಡೆಗೊರಗಿ ಕೂತಳು. ಅವಳನ್ನು ಆ ಪ್ರಶ್ನೆ ಕೇಳಿದವರು ಇಷ್ಟು ವರ್ಷಗಳಲ್ಲಿ ಯಾರೂ ಇರಲಿಲ್ಲ.

"ಹುಣಸೆಹಣ್ಣು," ಅಂದಳು. "ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ, ಕಡ್ಡಿಗೆ ಮೆತ್ತಿ ಚೀಪ್ತಾ ತಿರುಗ್ತಿದ್ಲು. ಮದುವೆ ಮಾಡಿ ಕಳಿಸುವಾಗ್ಲೂ ಸೀರೆ ಗಂಟಲ್ಲಿ ಹಂಗೆ ಮಾಡಿದ್ದು ಎರಡು ಬಚ್ಚಿಟ್ಟುಕೊಂಡಿದ್ಲು. ನೋಡಿ ಬೈದೆ. ಇನ್ನೇನು ಮಾಡ್ತಾಳೆ ಹೇಳು, ಆಡೋ ವಯಸ್ಸು, ಹದಿನೇಳು. ದಿವ್ಯಾನ ಹೆತ್ತಾಗ ನನ್ನನ್ನೇ ತಬ್ಕೊಂಡು ಮಲಗ್ತಿದ್ಲು, ಮಗೂನ ಎತ್ಕೊಳ್ಳಕ್ಕೂ ಹೆದ್ರಿಕೆ. ಹತ್ತೊಂಬತ್ತು ತುಂಬಿ ಎರಡು ತಿಂಗಳಾಗಿತ್ತು, ಹೋಗಿಬಿಟ್ಲು."

"ಹತ್ತೊಂಬತ್ತಾ?"

"ಮತ್ತೆ? ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅಥವಾ ಯಾವತ್ತೋ ಯಾರೋ ಹೇಳಿದ್ದನ್ನು ಆ ಬಣ್ಣ ಬಳಿದ ಫೋಟೊದ ಮುಖ ಅಳಿಸಿಹಾಕಿತ್ತು. ತುಂಗಮ್ಮ ಕೈಯಲ್ಲಿ ಸೌಟು ಹಿಡಿದು ನಿಂತುಬಿಟ್ಟಳು. ತಾನೇ ಆಗ ಇಪ್ಪತ್ತೊಂದು. ಈಗ ನಲವತ್ತಮೂರು. ಒಳಕೋಣೆಯಲ್ಲಿ ಕೈಗೆ ಮೆಹಂದಿ ಹಾಕಿಸಿಕೊಂಡು ಕೂತ ದಿವ್ಯಾಗೆ ಇಪ್ಪತ್ತಮೂರು. ಆಕೆಗೆ ಮಾತ್ರ ವಯಸ್ಸೇ ಆಗಲಿಲ್ಲ. ಇವತ್ತು ಬಾಗಿಲು ಹಾಕಿದ ಕೋಣೆಗೆ ಊಟಕ್ಕೆ ಬಂದರೂ ಹೆತ್ತ ಮಗಳಿಗಿಂತ ನಾಲ್ಕು ವರ್ಷ ಚಿಕ್ಕವಳಾಗಿಯೇ ಬರುತ್ತಾಳೆ. ಬಂದು, ತನ್ನ ಎಲೆಯ ತುಂಬ ತಾನು ಹೆದರುವ ಏಡಿಯನ್ನು ನೋಡಿ, ಯಾರಿಗೂ ಏನೂ ಹೇಳದೆ, ಉಪವಾಸ ಎದ್ದು ಹೋಗುತ್ತಿದ್ದಳೇನೋ. ಒಂದಲ್ಲ, ಎರಡಲ್ಲ, ಇಪ್ಪತ್ತೆರಡು ವರ್ಷ. ಇಂಥ ಮಗುವನ್ನು ಹಿಡಿದು ತಾನು ಅಕ್ಕ ಅಂತ ಕರೆದು, ಮನಸ್ಸಿನಲ್ಲಿ ದಿನಾ ಶಾಪ ಹಾಕಿದ್ದೆನಲ್ಲ. ತುಂಗಮ್ಮನಿಗೆ ದುಃಖ ತಡೆಯಲಾಗಲಿಲ್ಲ. ಪಾಪಮ್ಮನ ಪಕ್ಕದಲ್ಲೇ ಕೂತು ಅತ್ತಳು. ಮುದುಕಿ ಅವಳ ಬೆನ್ನು ಸವರಿದಳು. ಆಮೇಲೆ ಇಬ್ಬರೂ ಸೇರಿ ಹುಣಸೆಹಣ್ಣು ಕುಟ್ಟಿದರು.

ಮದುವೆಯ ದಿನ ಚಪ್ಪರದ ತುಂಬ ಜನ. ಧಾರೆಯ ಮುಹೂರ್ತಕ್ಕೆ ಸುಬ್ಬಣ್ಣ ಪಂಚೆ ಸರಿಮಾಡಿಕೊಂಡು ಮಣೆಯ ಮೇಲೆ ಕೂತ. ಪಕ್ಕದ ಮಣೆಯ ಮೇಲೆ ಕಲಶ. ಮಾವಿನೆಲೆ, ತೆಂಗಿನಕಾಯಿ, ಸುತ್ತ ಜಲಜಾಕ್ಷಿಯ ಹಳೆಯ ಕೆಂಪು ಧಾರೆ ಸೀರೆ. ಎದುರಿಗೆ ದಿವ್ಯಾ, ಅಶ್ವಿನ್. ದಿವ್ಯಾಳ ಕಣ್ಣು ಕಂಬದ ಪಕ್ಕದಲ್ಲಿ ನಿಂತ ತುಂಗಮ್ಮನ ಮೇಲಿತ್ತು, ಈಗಲೋ ಆಗಲೋ ಎದ್ದು ನಿಲ್ಲುವ ಹಾಗಿದ್ದಳು. ಪುರೋಹಿತರು ಗಿಂಡಿಯನ್ನು ಸುಬ್ಬಣ್ಣನ ಕೈಗೆ ಕೊಟ್ಟು ತಾಯಿ ಎಲ್ಲಿ ಎಂದು ಕೇಳಿದರು. ಬೊಮ್ಮಯ್ಯ ಕಲಶದ ಕಡೆ ಕೈ ತೋರಿಸಿದ.

ತುಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಟಪ ಹತ್ತಿದಳು. ನೇರ ಹೋಗಿ ಎರಡೂ ಕೈಯಲ್ಲಿ ಕಲಶವನ್ನು ಮಣೆಯಿಂದ ಎತ್ತಿಬಿಟ್ಟಳು. ಚಪ್ಪರದಲ್ಲಿ ಯಾರೋ ಅಯ್ಯೋ ಎಂದರು. ಕಲ್ಲಮ್ಮ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಎತ್ತಿದ್ದನ್ನು ಎಲ್ಲಿ ಇಡುತ್ತಾಳೋ, ಎಲ್ಲಿ ಎಸೆಯುತ್ತಾಳೋ ಎಂದು ಎಲ್ಲರೂ ನೋಡುತ್ತಿದ್ದಂತೆ ತುಂಗಮ್ಮ ಆ ಮಣೆಯ ಮೇಲೆ ತಾನು ಕೂತು, ಕಲಶವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೀಳದ ಹಾಗೆ ಎಡಗೈಯಿಂದ ಬಳಸಿ ಹಿಡಿದಳು. ಜಾರಿದ್ದ ಕೆಂಪು ಸೀರೆಯ ನೆರಿಗೆಯನ್ನು ಸರಿಮಾಡಿದಳು.

"ಏನೇ ಇದು?" ಎಂದ ಸುಬ್ಬಣ್ಣ, ಹಲ್ಲು ಬಿಗಿಹಿಡಿದು.

"ಹತ್ತೊಂಬತ್ತು ವರ್ಷದ ಹುಡುಗಿ ಕಣ್ರಿ. ಇಷ್ಟು ಜನದ ಮುಂದೆ ಒಬ್ಳೇ ಹೆಂಗೆ ಕೂರ್ತಾಳೆ? ಅಷ್ಟೂ ತಿಳಿಯಲ್ವಾ ನಿಮ್ಗೆ?" ಅಂದಳು ತುಂಗಮ್ಮ. "ಸರ್ಕೊಳಿ ಆ ಕಡೆ. ಗಿಂಡಿ ಸರಿಯಾಗಿ ಹಿಡೀರಿ, ನೀರು ಚೆಲ್ತಾ ಇದೆ."